ಸಾರಾಂಶದಿಂದ ಪ್ರಬಂಧಕ್ಕೆ: ಸಾಹಿತ್ಯ ಓದಿ, ಗೆಳೆಯರ ಮುಂದಿಟ್ಟು, ತಿದ್ದಿ ಬರೆಯುವ ಕ್ರಮ

ಪದವಿ ತರಗತಿಯ ಕನ್ನಡ ಅಸೈನ್‌ಮೆಂಟುಗಳು ವಾಪಸ್ಸು ಬಂದಾಗ ಅಂಚಿನಲ್ಲಿ ಮತ್ತೆ ಮತ್ತೆ ಕಾಣುವ ಷರಾ ಒಂದಿದೆ: "ಸಾರಾಂಶ ಬರೆದಿದ್ದೀರಿ, ವಿಮರ್ಶೆ ಇಲ್ಲ." ಮುಂದಿನ ಸಲ ಅದೇ ವಿದ್ಯಾರ್ಥಿ ಇನ್ನೆರಡು ಪುಟ ಜಾಸ್ತಿ ಬರೆಯುತ್ತಾರೆ, ಒಂದೆರಡು ದೊಡ್ಡ ಪದ ಸೇರಿಸುತ್ತಾರೆ. ಷರಾ ಮಾತ್ರ ಬದಲಾಗುವುದಿಲ್ಲ.

ತೊಂದರೆ ಇರುವುದು ಬರೆಯುವುದಕ್ಕೆ ಮುಂಚಿನ ಕೆಲಸದಲ್ಲಿ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ನಾವು ಕಲಿತದ್ದು ಆಯ್ಕೆ, ಸಂದರ್ಭ, ಸ್ವಾರಸ್ಯ ಎಂಬ ಮೂರು ಖಾನೆಗಳ ಉತ್ತರ. ಅಲ್ಲಿ ವಾಕ್ಯವನ್ನು ಪ್ರಶ್ನೆಪತ್ರಿಕೆಯೇ ಆರಿಸಿ ಕೊಡುತ್ತದೆ. ಸಂದರ್ಭ ನೆನಪಿದ್ದರೆ ಸಾಕು, "ಸ್ವಾರಸ್ಯಪೂರ್ಣವಾಗಿ ಅಭಿವ್ಯಕ್ತವಾಗಿದೆ" ಎಂದು ಮುಗಿಸಿದರೂ ಅಂಕ ಬರುತ್ತದೆ. ಕಾಲೇಜಿನ ಪ್ರಬಂಧದಲ್ಲಿ ವಾಕ್ಯವನ್ನು ಆರಿಸುವವರು ನೀವೇ. ಅದರಲ್ಲಿ ಏನು ಸ್ವಾರಸ್ಯವಿದೆ ಎಂದು ಕೃತಿಯ ಪದಗಳನ್ನೇ ಮುಂದಿಟ್ಟು ತೋರಿಸಬೇಕು. ಅದಕ್ಕೆ ಓದುವ ರೀತಿ ಬದಲಾಗಬೇಕು, ಬರೆದದ್ದನ್ನು ಅಧ್ಯಾಪಕರಿಗಿಂತ ಮೊದಲು ಇನ್ನಿಬ್ಬರು ಓದಬೇಕು.

ಇಲ್ಲಿ 800 ಪದಗಳ ಒಂದು ಪ್ರಬಂಧವನ್ನು 10 ದಿನಗಳಲ್ಲಿ ಬರೆಯುವ ಕ್ರಮವಿದೆ. ಉದಾಹರಣೆಗೆ ಎಲ್ಲರಿಗೂ ಬಾಯಿಗೆ ಬರುವ ಬಸವಣ್ಣನವರ ಒಂದು ವಚನ ತೆಗೆದುಕೊಂಡಿದೆ. ಬಾಯಿಗೆ ಬರುವುದು ಕಣ್ಣಿಗೆ ಬೀಳುವುದಿಲ್ಲ ಎಂಬ ಕಾರಣಕ್ಕೇ ಈ ಆಯ್ಕೆ.

## ಮೊದಲು ಸಾಮಾನು ಹೊಂದಿಸಿಕೊಳ್ಳಿ

ಕೃತಿಯ ಒಂದು ಜೆರಾಕ್ಸ್ ಪ್ರತಿ ಬೇಕು, ಅಂಚು ಅಗಲವಾಗಿರಲಿ. ಗ್ರಂಥಾಲಯದ ಪುಸ್ತಕದ ಮೇಲೆ ಗೀಚುವ ಹಾಗಿಲ್ಲ, ಗೀಚದೆ ಈ ಕೆಲಸ ಆಗುವುದಿಲ್ಲ. 100 ಪುಟದ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಎರಡು ಬಣ್ಣದ ಪೆನ್ನು ಇಟ್ಟುಕೊಳ್ಳಿ. ಕೆಂಪು ಬೇಡ, ಕೆಂಪು ಶಾಯಿ ಕಂಡರೆ ಗೆಳೆಯರ ಟಿಪ್ಪಣಿಯೂ ಅಂಕ ಕಳೆಯುವವರ ಟಿಪ್ಪಣಿಯಂತೆ ಕಾಣುತ್ತದೆ.

ನಿಘಂಟು ಕಡ್ಡಾಯ. ಹಳೆಯ ಪದಗಳಿಗೆ 1894ರ ಕಿಟ್ಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಇವೆರಡೂ ಹಲವು ಕಾಲೇಜು ಗ್ರಂಥಾಲಯಗಳ ಆಕರ ವಿಭಾಗದಲ್ಲಿ ಇರುತ್ತವೆ. ವಚನವಾದರೆ 'ವಚನ ಸಂಚಯ' ಜಾಲತಾಣದಲ್ಲಿ ಒಂದು ಪದ ಹಾಕಿ ಹುಡುಕಿದರೆ ಅದು ಬೇರೆ ಯಾವ ಯಾವ ವಚನಗಳಲ್ಲಿ ಬಂದಿದೆ ಎಂದು ತೋರಿಸುತ್ತದೆ.

ಕೊನೆಯದಾಗಿ ಇಬ್ಬರು ಓದುಗರು. ನಿಮ್ಮನ್ನೂ ಸೇರಿಸಿ ಮೂವರ ಗುಂಪು ಸರಿಯಾದ ಅಳತೆ. ಇಬ್ಬರೇ ಇದ್ದರೆ ಒಬ್ಬರ ರುಚಿಯೇ ತೀರ್ಪಾಗುತ್ತದೆ. ಐವರಿದ್ದರೆ ಸಮಯ ಸಾಲದೆ ಕೊನೆಯ ಇಬ್ಬರ ಬರಹ ಬರೀ "ಚೆನ್ನಾಗಿದೆ"ಯಲ್ಲಿ ಮುಗಿಯುತ್ತದೆ. ಮೂವರೂ ಆಪ್ತ ಗೆಳೆಯರೇ ಆಗಬೇಕಿಲ್ಲ. ತರಗತಿಯಲ್ಲಿ ಅಷ್ಟಾಗಿ ಮಾತಾಡದ ಒಬ್ಬರಿದ್ದರೆ ಇನ್ನೂ ಒಳ್ಳೆಯದು, ನೀವು ಹೇಳದೆ ಬಿಟ್ಟದ್ದನ್ನು ಅವರು ತಾವಾಗಿ ತುಂಬಿಕೊಳ್ಳುವುದಿಲ್ಲ.

## ಹಂತ 1: ಮೂರು ಸಲ, ಮೂರು ಬಗೆಯಲ್ಲಿ ಓದುವುದು (1–2ನೇ ದಿನ)

ಉಳ್ಳವರು ಶಿವಾಲಯವ ಮಾಡುವರು
ನಾನೇನ ಮಾಡಲಿ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರ ಹೊನ್ನ ಕಳಸವಯ್ಯಾ
ಕೂಡಲಸಂಗಮದೇವಾ, ಕೇಳಯ್ಯಾ,
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ

ಮೊದಲ ಸಲ ಗಟ್ಟಿಯಾಗಿ ಓದಿ, ಪೆನ್ಸಿಲ್ ಮುಟ್ಟಬೇಡಿ. ಹಾಡಾಗಿ ಗೊತ್ತಿದ್ದರೆ ರಾಗ ಬಿಟ್ಟು ಓದಿ. ರಾಗದಲ್ಲಿ ಪದಗಳು ಜಾರಿಹೋಗುತ್ತವೆ.

ಎರಡನೆಯ ಸಲ ಪೆನ್ಸಿಲ್ ಹಿಡಿದು ನಿಧಾನವಾಗಿ ಓದಿ. ಓದು ಎಲ್ಲಿ ಒಂದು ಕ್ಷಣ ನಿಂತಿತೋ ಅಲ್ಲಿ ಅಲೆಗೆರೆ ಎಳೆಯಿರಿ. ಅರ್ಥವಾಗದ ಪದ, ನಿರೀಕ್ಷಿಸದ ತಿರುವು, ಎರಡೆರಡು ಸಲ ಬಂದ ಶಬ್ದ, ಇದೇಕೆ ಇಲ್ಲಿದೆ ಎನಿಸಿದ ವಿವರ, ಎಲ್ಲಕ್ಕೂ ಒಂದೇ ಗುರುತು ಸಾಕು. ಇವು ಎಡವಿದ ಜಾಗಗಳು. ಪ್ರಬಂಧ ಹುಟ್ಟುವುದು ಇಲ್ಲಿಂದಲೇ. ಚೆಂದ ಕಂಡ ಸಾಲಿಗೆ ಗೆರೆ ಹಾಕುವ ಅಭ್ಯಾಸವಿದ್ದರೆ ಸದ್ಯಕ್ಕೆ ಬಿಡಿ, ಅದು ಹೊಗಳಿಕೆಯ ಕಡೆಗೆ ಎಳೆಯುತ್ತದೆ.

ಮೂರನೆಯ ಸಲ ನಿಘಂಟಿನೊಂದಿಗೆ ಓದಿ. ಗೊತ್ತಿದೆ ಎಂದುಕೊಂಡ ಪದಗಳನ್ನೂ ನೋಡಿ. 'ಸ್ಥಾವರ' ನಮಗೆ ವಿದ್ಯುತ್ ಸ್ಥಾವರದಿಂದ ಗೊತ್ತು, 'ಜಂಗಮ' ಜಂಗಮವಾಣಿಯಿಂದ ಗೊತ್ತು. ವಚನದಲ್ಲಿ ಸ್ಥಾವರವೆಂದರೆ ನಿಂತಲ್ಲೇ ನಿಂತದ್ದು, ಜಂಗಮವೆಂದರೆ ಚಲಿಸುವುದು. ಶರಣರ ಬಳಕೆಯಲ್ಲಿ ಜಂಗಮನೆಂದರೆ ಊರೂರು ಸುತ್ತುವ ಶಿವಸ್ವರೂಪಿಯೂ ಹೌದು. ಎರಡೂ ಅರ್ಥ ಒಟ್ಟಿಗೆ ಕೆಲಸ ಮಾಡುತ್ತಿವೆ ಎಂಬುದು ನಿಘಂಟು ತೆರೆಯದವರಿಗೆ ತಿಳಿಯುವುದೇ ಇಲ್ಲ.

ಇನ್ನೊಂದು ಮುಖ್ಯ ಎಚ್ಚರ ಪಾಠದ ಬಗ್ಗೆ, ಅಂದರೆ ಒಂದೊಂದು ಮುದ್ರಣದಲ್ಲಿ ಪದಗಳು ಇರುವ ರೂಪದ ಬಗ್ಗೆ. ನಾಲ್ಕನೆಯ ಸಾಲು ಕೆಲವು ಮುದ್ರಣಗಳಲ್ಲಿ "ಶಿರ ಹೊನ್ನ ಕಳಸ" ಎಂದಿದ್ದರೆ, ಇನ್ನು ಕೆಲವೆಡೆ "ಶಿರವೇ ಹೊನ್ನ ಕಳಸ" ಎಂದು ಸಿಗುತ್ತದೆ. ಕಂಬ–ಕಂಭ, ಕಳಸ–ಕಳಶಗಳೂ ಹೀಗೇ. "ಕಾಲೇ, ದೇಹವೇ ಎಂದು ಒತ್ತಿ ಹೇಳಿದ ಕವಿ ಶಿರಕ್ಕೆ ಬಂದಾಗ ಏಕೆ ಒತ್ತು ಕೈಬಿಟ್ಟರು?" ಎಂಬುದು ಸೊಗಸಾದ ಪ್ರಶ್ನೆ. ಆದರೆ "ಶಿರವೇ" ಎಂಬ ಪಾಠ ಹಿಡಿದವರ ಮುಂದೆ ಅದು ನಿಲ್ಲುವುದಿಲ್ಲ. ಒಂದು ಅಕ್ಷರದ ಮೇಲೆ ವಾದ ಕಟ್ಟುವುದಾದರೆ ಕನಿಷ್ಠ ಎರಡು ಮುದ್ರಿತ ಪುಸ್ತಕ ನೋಡಿ, ಯಾವುದನ್ನು ಅನುಸರಿಸಿದ್ದೀರಿ ಎಂದು ಬರೆಯಿರಿ. ಸಾಲು ಮುರಿಯುವ ರೀತಿಯೂ ಪುಸ್ತಕದಿಂದ ಪುಸ್ತಕಕ್ಕೆ ಬೇರೆ. ಹಾಗಾಗಿ ವಚನದಲ್ಲಿ "ಸಾಲಿನ ಕೊನೆಯ ಪದ" ಎಂಬ ಆಧಾರದ ಮೇಲೆ ಏನನ್ನೂ ಕಟ್ಟಬೇಡಿ.

ಅಪಾಯದ ಸೂಚನೆ: ಎರಡನೆಯ ಓದು ಮುಗಿದಾಗ ಒಂದೂ ಅಲೆಗೆರೆ ಇಲ್ಲದಿದ್ದರೆ ನೀವು ಓದಿಲ್ಲ, ನೆನಪು ಮಾಡಿಕೊಂಡಿದ್ದೀರಿ. ಅರ್ಧ ದಿನ ಬಿಟ್ಟು ಕೃತಿಯನ್ನು ಕೈಯಲ್ಲಿ ನಕಲು ಮಾಡಿ. ಬರೆಯುವ ಕೈ ನಿಧಾನ, ಅದು ತಪ್ಪದೆ ಎಡವುತ್ತದೆ.

## ಹಂತ 2: ಎಡವಿದ ಜಾಗವನ್ನು ಪ್ರಶ್ನೆಯಾಗಿ ತಿರುಗಿಸುವುದು (3ನೇ ದಿನ)

ನೋಟ್‌ಬುಕ್ಕಿನ ಎಡಪುಟದಲ್ಲಿ ಕೃತಿಯ ಪದಗಳನ್ನು ಇದ್ದ ಹಾಗೇ ಬರೆಯಿರಿ. ಎದುರಿನ ಬಲಪುಟದಲ್ಲಿ ಅಲ್ಲಿ ನಿಂತದ್ದು ಏಕೆ ಎಂದು ಬರೆಯಿರಿ. ಕನಿಷ್ಠ ಆರು ಜೋಡಿ ಆಗಬೇಕು. ಈ ವಚನದಿಂದ ಇಂಥವು ಸಿಗಬಹುದು:

'ಹೊನ್ನ ಕಳಸ': ಬಡವ ಎಂದವನ ಬಾಯಲ್ಲಿ ಹೊನ್ನು ಎಲ್ಲಿಂದ ಬಂತು?

'ಕಾಲು, ದೇಹ, ಶಿರ': ಕಂಬ ನಿಲ್ಲಿಸಿ, ಗುಡಿ ಎಬ್ಬಿಸಿ, ಕೊನೆಗೆ ಕಳಸ ಇಡುವ ಕ್ರಮದಲ್ಲೇ ದೇಹವೂ ಕೆಳಗಿನಿಂದ ಮೇಲಕ್ಕೆ ಹೋಗುತ್ತಿದೆ. ಬೇಕೆಂದೇ ಹೀಗಿದೆಯೇ?

'ಜಂಗಮಕ್ಕಳಿವಿಲ್ಲ': ದೇಹ ಸಾಯುತ್ತದಲ್ಲ! ದೇಹವನ್ನೇ ದೇಗುಲ ಮಾಡಿಕೊಂಡವನು ಅಳಿವಿಲ್ಲ ಎಂದು ಹೇಗೆ ಹೇಳುತ್ತಾನೆ?

'ಬಡವನಯ್ಯಾ, ಕಳಸವಯ್ಯಾ, ಕೇಳಯ್ಯಾ': ಮೂರು ಸಲ ಅಯ್ಯಾ. ಮೂರೂ ಒಂದೇ ದನಿಯಲ್ಲಿವೆಯೇ? ಮೊದಲ 'ಅಯ್ಯಾ' ಯಾರಿಗೆ? ದೇವರ ಹೆಸರು ಬರುವುದು ಐದನೆಯ ಸಾಲಿನಲ್ಲಿ ತಾನೇ?

ಇವುಗಳಲ್ಲಿ ಒಂದನ್ನು ಆರಿಸಿ. ಆರಿಸುವಾಗ ಎರಡು ಪರೀಕ್ಷೆ ಮಾಡಿ: ಕೃತಿಯ ಮೂರು ಕಡೆಯಿಂದಲಾದರೂ ಪುರಾವೆ ಸಿಗಬೇಕು, ಉತ್ತರ ಈಗಲೇ ಗೊತ್ತಿರಬಾರದು. ಹೊನ್ನಿನ ಪ್ರಶ್ನೆ ಚೆನ್ನಾಗಿದ್ದರೂ ಒಂದೇ ಪದದ ಸುತ್ತ ಇದೆ, ಪ್ಯಾರಾಗ್ರಾಫಿಗೆ ಸರಿ, ಪ್ರಬಂಧಕ್ಕೆ ಸಾಲದು. 'ಅಯ್ಯಾ' ಪ್ರಶ್ನೆ ಇಡೀ ವಚನವನ್ನು ಹಾಯ್ದುಹೋಗುತ್ತದೆ. ಅದನ್ನೇ ಹಿಡಿಯೋಣ.

"ಈ ವಚನ ಇಂದಿಗೆ ಪ್ರಸ್ತುತವೇ?" ಎಂಬ ಪ್ರಶ್ನೆಯನ್ನು ದಯವಿಟ್ಟು ಆರಿಸಬೇಡಿ. ಹೌದು ಎಂಬ ಉತ್ತರ ಮೊದಲೇ ಸಿದ್ಧವಾಗಿರುವುದರಿಂದ ಅದು ಕೃತಿಯಿಂದ ಹೊರಗೆ ಓಡಿಸುತ್ತದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನೀವು ಸಮಾಜದ ಬಗ್ಗೆ ಬರೆಯುತ್ತಿರುತ್ತೀರಿ, ವಚನ ಮೊದಲ ಪುಟದಲ್ಲೇ ಉಳಿದಿರುತ್ತದೆ.

## ಹಂತ 3: ವಾದವನ್ನು ಒಂದು ವಾಕ್ಯಕ್ಕೆ ಇಳಿಸುವುದು (3ನೇ ದಿನ ಸಂಜೆ)

ಪ್ರಶ್ನೆಗೆ ನಿಮ್ಮ ಸದ್ಯದ ಉತ್ತರವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದನ್ನು ಒಪ್ಪದ ಓದುಗರು ಇರಲು ಸಾಧ್ಯವೇ ಎಂದು ಕೇಳಿಕೊಳ್ಳಿ. ಯಾರೂ ಅಲ್ಲಗಳೆಯಲಾರದ ಮಾತು ವಾದವಾಗುವುದಿಲ್ಲ.

"ಬಸವಣ್ಣನವರು ದೇಹವನ್ನು ದೇಗುಲಕ್ಕೆ ಹೋಲಿಸಿದ್ದಾರೆ." ಇದನ್ನು ಯಾರೂ ಅಲ್ಲಗಳೆಯರು, ಜೊತೆಗೆ ತಪ್ಪೂ ಹೌದು. ಹೈಸ್ಕೂಲಿನಲ್ಲೇ ಕಲಿತಂತೆ ಅಂತೆ, ಹಾಗೆ ಎಂದು ಹೋಲಿಸಿದರೆ ಉಪಮೆ; ಎರಡೂ ಒಂದೇ ಎಂದರೆ ರೂಪಕ. ಇಲ್ಲಿ ದೇಹ ದೇಗುಲದಂತೆ ಇಲ್ಲ, ದೇಹವೇ ದೇಗುಲ. ಈ ಒಂದು 'ಹೋಲಿಸಿದ್ದಾರೆ' ಅಸೈನ್‌ಮೆಂಟ್ ಕಟ್ಟಿನಲ್ಲಿ ಎಷ್ಟು ಸಲ ಬರುತ್ತದೆಂದರೆ, ಅದನ್ನು ಬಿಟ್ಟು ಬರೆದವರ ಹಾಳೆ ತಾನಾಗಿ ಕಣ್ಣಿಗೆ ಬೀಳುತ್ತದೆ.

"ದೇವರಲ್ಲಿ ಮೊರೆಯಿಡುತ್ತಾ ಶುರುವಾಗುವ ಬಡವ, ತನ್ನ ದೇಹವನ್ನೇ ಗುಡಿಯಾಗಿ ಎಬ್ಬಿಸಿದ ಮೇಲೆ, ಅದೇ ದೇವರಿಗೆ ತಿಳಿಹೇಳುವವನಾಗುತ್ತಾನೆ." ಇದನ್ನು ಒಪ್ಪದಿರಲು ಸಾಧ್ಯ. 'ಕೇಳಯ್ಯಾ' ಎಂಬುದೂ ಮೊರೆಯೇ ಎಂದು ಯಾರಾದರೂ ಹೇಳಬಹುದು. ಹಾಗೆ ಹೇಳಬಹುದಾದ್ದರಿಂದಲೇ ನಿಮಗೆ ಬರೆಯಲು ಕೆಲಸವಿದೆ.

## ಹಂತ 4: ಮೊದಲ ಕರಡು (4–5ನೇ ದಿನ)

ಐದಾರು ಪ್ಯಾರಾಗ್ರಾಫ್ ಸಾಕು. ಮೊದಲನೆಯದರಲ್ಲಿ ಪ್ರಶ್ನೆ ಮತ್ತು ವಾದದ ವಾಕ್ಯ ಬರಲಿ. ಕವಿಯ ಕಾಲ, ಸ್ಥಳ, ಅಂಕಿತನಾಮಗಳ ಪರಿಚಯ ಬೇಡ, ಓದುವವರು ಅದನ್ನು ಬಲ್ಲರು. ನಡುವಿನ ಪ್ರತಿ ಪ್ಯಾರಾಗ್ರಾಫಿಗೂ ಒಂದೇ ಮಾತು, ಒಂದು ಉದ್ಧರಣೆ. ಉದ್ಧರಿಸಿದ ಪ್ರತಿ ಸಾಲಿಗೆ ಕನಿಷ್ಠ ಎರಡು ವಾಕ್ಯ ನಿಮ್ಮದು ಇರಬೇಕು. ಸಾಲನ್ನು ಹಾಕಿ "ಇದರಿಂದ ತಿಳಿಯುತ್ತದೆ" ಎಂದು ಮುಂದೆ ಹೋದರೆ ವಿವರಣೆಯ ಕೆಲಸವನ್ನು ಓದುಗರ ತಲೆಗೆ ಕಟ್ಟಿದಂತೆ. ಕೊನೆಯ ಪ್ಯಾರಾಗ್ರಾಫಿಗೆ ನಿಮ್ಮ ವಾದಕ್ಕೆ ಎದುರಾಗಬಲ್ಲ ಗಟ್ಟಿಯಾದ ಆಕ್ಷೇಪ ಮತ್ತು ಅದಕ್ಕೆ ಉತ್ತರ ಇಡಿ.

ಒಂದೇ ಕೂರಿಕೆಯಲ್ಲಿ ಬರೆಯಿರಿ. ಕಾಗುಣಿತ, ಪದಲಾಲಿತ್ಯ ನೋಡಬೇಡಿ. ಮೊಬೈಲಿನ ಧ್ವನಿ ಟೈಪಿಂಗ್ ಬಳಸಿದರೂ ತೊಂದರೆಯಿಲ್ಲ, ಆದರೆ ಅದು ಪೂರ್ಣವಿರಾಮಗಳನ್ನು ನುಂಗುತ್ತದೆ, ಒಂದು ಸಲ ಓದಿ ಹಾಕಿ. ಗೈಡು, ಹಳೆಯ ನೋಟ್ಸು, ಕೃತಕ ಬುದ್ಧಿಮತ್ತೆಯ ಆ್ಯಪ್ ಯಾವುದನ್ನೂ ಈ ಹಂತದಲ್ಲಿ ತೆರೆಯಬೇಡಿ. ಅವು ಕೊಡುವುದು ಯಾರೂ ಎಡವದ, ನುಣ್ಣಗಿನ ಸಾರಾಂಶ. ಅದು ಒಮ್ಮೆ ಕಣ್ಣಿಗೆ ಬಿದ್ದರೆ ನಿಮ್ಮ ಎಡಪುಟ–ಬಲಪುಟದ ಒರಟು ಮಾತುಗಳು ನಿಮಗೇ ಸಪ್ಪೆಯಾಗಿ ಕಾಣುತ್ತವೆ.

6ನೇ ದಿನ ಕರಡನ್ನು ಮುಟ್ಟಬೇಡಿ.

## ಹಂತ 5: ಗುಂಪಿನ ಓದು (7ನೇ ದಿನ)

ಹೆಚ್ಚಿನವರು ಸೋಲುವುದು ಇಲ್ಲಿ. ಗೆಳೆಯರಿಗೆ ತೋರಿಸುವುದೆಂದರೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ "ಹೇಗಿದೆ ಹೇಳು" ಎನ್ನುವುದು ಎಂದುಕೊಂಡಿರುತ್ತಾರೆ. ಹೆಬ್ಬೆರಳಿನ ಚಿತ್ರವೊಂದು ವಾಪಸ್ಸು ಬರುತ್ತದೆ. ಎದುರೆದುರು ಕೂತು, ಸಮಯ ಇಟ್ಟುಕೊಂಡು ಮಾಡಿದರೆ ಮಾತ್ರ ಇದು ಫಲ ಕೊಡುತ್ತದೆ.

ಮೊದಲೇ ಮಾಡಿಟ್ಟುಕೊಳ್ಳುವುದು. ಕರಡನ್ನು ಒಂದು ಸಾಲು ಬಿಟ್ಟು ಒಂದು ಸಾಲು ಟೈಪ್ ಮಾಡಿ, ಪ್ಯಾರಾಗ್ರಾಫುಗಳಿಗೆ ಅಂಕಿ ಹಾಕಿ, ಮೂರು ಪ್ರತಿ ಪ್ರಿಂಟ್ ತೆಗೆಸಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ಬೇರೆ ಮೊಬೈಲಿನಲ್ಲಿ ಅರ್ಥವಾಗದ ಚಿಹ್ನೆಗಳ ರಾಶಿಯಾಗುತ್ತದೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿ, ಇಲ್ಲವೇ ಪಿಡಿಎಫ್ ಮಾಡಿ ಜೆರಾಕ್ಸ್ ಅಂಗಡಿಗೆ ಕಳಿಸಿ. ಕೈಬರಹವೂ ಆಗುತ್ತದೆ, ಓದಲು ಬರುವಂತಿದ್ದರೆ.

ಒಂದು ಕರಡಿಗೆ 25 ನಿಮಿಷ. 800 ಪದಗಳನ್ನು ಗಟ್ಟಿಯಾಗಿ ಓದಲು ಸುಮಾರು 8 ನಿಮಿಷ. ಓದಬೇಕಾದವರು ಬರೆದವರಲ್ಲ, ಗುಂಪಿನ ಇನ್ನೊಬ್ಬರು. ಬರೆದವರೇ ಓದಿದರೆ ದನಿಯ ಏರಿಳಿತದಿಂದ ತೂತುಗಳನ್ನು ಮುಚ್ಚಿಬಿಡುತ್ತಾರೆ. ಬೇರೆಯವರು ಓದುವಾಗ ತಡವರಿಸಿದ ಜಾಗ, ಎರಡು ಸಲ ಓದಿದ ವಾಕ್ಯ, ಉಸಿರು ಸಾಲದ ವಾಕ್ಯ ಎಲ್ಲವೂ ಕಿವಿಗೆ ಬೀಳುತ್ತವೆ. ಬರೆದವರು ತಮ್ಮ ಪ್ರತಿಯಲ್ಲಿ ಅವನ್ನು ಗುರುತಿಸುತ್ತಾ ಹೋಗಬೇಕು. ನಂತರ 4 ನಿಮಿಷ ಎಲ್ಲರೂ ಮೌನವಾಗಿ ಗುರುತು ಹಾಕುತ್ತಾರೆ. 10 ನಿಮಿಷ ಓದುಗರಿಬ್ಬರ ಮಾತು, ಬರೆದವರು ಬಾಯಿ ಬಿಡುವಂತಿಲ್ಲ. ಕೊನೆಯ 3 ನಿಮಿಷ ಬರೆದವರ ಪ್ರಶ್ನೆಗಳಿಗೆ. ಮೂವರದೂ ಮುಗಿಯಲು ಒಂದೂಕಾಲು ಗಂಟೆ. ಕ್ಯಾಂಟೀನ್ ಬೇಡ, ಖಾಲಿ ತರಗತಿ ಹುಡುಕಿ.

ಗುರುತು ಮೂರೇ. ಚೆನ್ನಾಗಿ ಹತ್ತಿದ ಮಾತಿಗೆ ನೇರ ಗೆರೆ. ಎಡವಿದ ಕಡೆ ಅಲೆಗೆರೆ. "ಇದು ಕೃತಿಯಲ್ಲಿ ಎಲ್ಲಿದೆ?" ಎನಿಸಿದ ಕಡೆ ಪ್ರಶ್ನಾರ್ಥಕ ಚಿಹ್ನೆ. ಹಂತ 1ರಲ್ಲಿ ವಚನದ ಮೇಲೆ ಎಳೆದ ಅಲೆಗೆರೆಯೇ ಈಗ ಗೆಳೆಯರ ಬರಹದ ಮೇಲೆ ಬಂದಿದೆ, ಗಮನಿಸಿ. ಸಾಹಿತ್ಯದಲ್ಲಿ ಎಡವಿದ್ದನ್ನು ಗುರುತಿಸಲು ಕಲಿತ ಕಣ್ಣೇ ಗೆಳೆಯರ ಕರಡಿನಲ್ಲೂ ಕೆಲಸ ಮಾಡುತ್ತದೆ. ಎರಡನ್ನೂ ಒಟ್ಟಿಗೆ ಕಲಿಯಬೇಕು ಎಂದು ಒತ್ತಿ ಹೇಳುವುದು ಇದಕ್ಕೇ.

ಕಾಗುಣಿತ ತಿದ್ದುವುದನ್ನು ಈ ಹಂತದಲ್ಲಿ ನಿಷೇಧಿಸಿ. ಅದು ಸುಲಭವಾದ್ದರಿಂದ ಎಲ್ಲರೂ ಅದಕ್ಕೇ ಕೈಹಾಕುತ್ತಾರೆ. ಆಮೇಲೆ ಕಿತ್ತೆಸೆಯಬೇಕಾದ ಪ್ಯಾರಾಗ್ರಾಫಿನ ಒತ್ತಕ್ಷರ ತಿದ್ದುತ್ತಾ 10 ನಿಮಿಷ ಕಳೆಯುತ್ತದೆ.

ಒಂದು ವಾಕ್ಯದ ಪರೀಕ್ಷೆ. ಮಾತು ಶುರು ಮಾಡುವ ಮೊದಲು ಓದುಗರಿಬ್ಬರೂ ಬೇರೆ ಬೇರೆಯಾಗಿ "ಈ ಪ್ರಬಂಧ ಹೇಳುವುದು ಇಷ್ಟು" ಎಂದು ಒಂದು ವಾಕ್ಯ ಬರೆದು ತೋರಿಸಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ವಾದ ನಿಂತಿದೆ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎರಡೂ ಎರಡು ಕಡೆ ಎಳೆದರೆ, ತೊಂದರೆ ಹಂತ 3ರಲ್ಲಿದೆ, ವಾಕ್ಯ ತಿದ್ದಿ ಫಲವಿಲ್ಲ.

ಹೇಳುವ ಮಾತು. ಒಂದು ಕರಡಿನ ಪ್ಯಾರಾಗ್ರಾಫ್ ಹೀಗಿತ್ತೆನ್ನಿ:

"ವಚನದ ಮೊದಲಲ್ಲಿ ಬಡವ ಅಸಹಾಯಕನಾಗಿದ್ದಾನೆ. ಆಮೇಲೆ ಅವನು ತನ್ನ ದೇಹವನ್ನೇ ದೇಗುಲ ಮಾಡಿಕೊಳ್ಳುತ್ತಾನೆ. ಇದರಿಂದ ಅವನಿಗೆ ಧೈರ್ಯ ಬರುತ್ತದೆ. ಕೊನೆಗೆ ದೇವರಿಗೇ ಬಹಳ ಮಾರ್ಮಿಕವಾಗಿ ಹೇಳುತ್ತಾನೆ."

"ಚೆನ್ನಾಗಿದೆ ಕಣೋ, ಆದ್ರೆ ಇನ್ನೂ ಸ್ವಲ್ಪ ವಿವರಿಸ್ಬೇಕಿತ್ತು" ಎಂಬ ಟಿಪ್ಪಣಿಯಿಂದ ಬರೆದವರಿಗೆ ಏನೂ ಸಿಗುವುದಿಲ್ಲ. ಉಪಯೋಗಕ್ಕೆ ಬರುವ ಟಿಪ್ಪಣಿ ಹೀಗಿರುತ್ತದೆ: "ಧೈರ್ಯ ಬಂತು ಅಂತ ನಿಂಗೆ ಯಾವ ಪದದಿಂದ ಗೊತ್ತಾಯ್ತು? ನಂಗೆ ವಚನದಲ್ಲಿ ಧೈರ್ಯ ಅನ್ನೋದು ಕಾಣಿಸ್ಲಿಲ್ಲ." "'ಇದರಿಂದ' ಅಂದ್ರೆ ಯಾವುದರಿಂದ? ದೇಗುಲದಿಂದಾನಾ, ಮಾಡ್ಕೊಂಡಿದ್ದರಿಂದಾನಾ?" "ಮಾರ್ಮಿಕ ಅಂದ್ಯಲ್ಲ, ಅಲ್ಲಿ ನಾನು ನಿಂತೆ. ಏನು ಹೇಳ್ತಾನೆ ಅಂತ ನೀನು ಹೇಳ್ಲೇ ಇಲ್ಲ."

ಮೂರೂ ಟಿಪ್ಪಣಿಗಳಲ್ಲಿ ಜಾಗ ಇದೆ, ಓದುಗರಿಗೆ ಅಲ್ಲಿ ಏನಾಯಿತು ಎಂಬುದಿದೆ. ಹೀಗೆ ಬರೆ ಎಂಬ ಔಷಧಿ ಇಲ್ಲ. ಗೆಳೆಯರ ವಾಕ್ಯವನ್ನು ನೀವೇ ಬರೆದುಕೊಟ್ಟರೆ ಆ ವಾಕ್ಯ ನಿಮ್ಮದಾಗುತ್ತದೆ, ಅವರು ಕಲಿಯುವುದಿಲ್ಲ. ಗುಂಪಿನಲ್ಲಿ ಸೀನಿಯರ್ ಇದ್ದರೆ "ಅಕ್ಕಾ, ಇಲ್ಲಿ ನಂಗೆ ದಾರಿ ತಪ್ತು" ಎಂದು ಹೇಳುವುದರಲ್ಲಿ ಅಗೌರವವಿಲ್ಲ. ದಾರಿ ತಪ್ಪಿದ್ದು ನಿಮಗೆ, ತಪ್ಪು ಹೊರಿಸಿದ್ದು ಅವರ ಮೇಲಲ್ಲ. "ನೀವು ಹೀಗೆ ಬರೀಬಾರ್ದಿತ್ತು" ಎಂದಾಗ ಮಾತ್ರ ಮುಖ ಬಾಡುತ್ತದೆ.

ಬರೆದವರಿಗೆ ಕಷ್ಟದ ನಿಯಮ ಮೌನ. "ಅಲ್ಲ, ನಾನು ಹೇಳಿದ್ದು ಏನಂದ್ರೆ..." ಎಂದು ಬಾಯಿಗೆ ಬಂದ ಕೂಡಲೇ ಆ ಮುಂದಿನ ಮಾತನ್ನು ಅಂಚಿನಲ್ಲಿ ಬರೆದುಕೊಳ್ಳಿ. ಪ್ರಬಂಧದಲ್ಲಿ ಇರಬೇಕಾಗಿದ್ದು, ಬಿಟ್ಟುಹೋಗಿದ್ದು ಬಹುಪಾಲು ಅದೇ ಆಗಿರುತ್ತದೆ.

ದೂರಶಿಕ್ಷಣದಲ್ಲಿ ಓದುವವರಿಗೆ ಎದುರು ಕೂರುವ ಗುಂಪು ಸಿಗದು. ಆಗ ಕರಡನ್ನು ಗೆಳೆಯರು ಗಟ್ಟಿಯಾಗಿ ಓದಿ ಧ್ವನಿಸಂದೇಶವಾಗಿ ಕಳಿಸಲಿ, ಎಡವಿದ ಕಡೆ ಹಾಗೇ ಎಡವಲಿ, ತಿದ್ದಿ ಮತ್ತೆ ಓದದಿರಲಿ.

## ಹಂತ 6: ಟಿಪ್ಪಣಿ ಜರಡಿ ಹಿಡಿದು ಎರಡನೆಯ ಕರಡು (8–9ನೇ ದಿನ)

ಇಬ್ಬರೂ ಒಂದೇ ಜಾಗದಲ್ಲಿ ಎಡವಿದ್ದರೆ ತಿದ್ದಲೇಬೇಕು. ಒಬ್ಬರೇ ಎಡವಿದ್ದರೆ ಆ ವಾಕ್ಯವನ್ನು ಬೆಳಿಗ್ಗೆ ಮತ್ತೊಮ್ಮೆ ಓದಿ ತೀರ್ಮಾನಿಸಿ. ಅವರು ಸೂಚಿಸಿದ ಪರಿಹಾರವನ್ನು ಒಪ್ಪಬೇಕಾಗಿಲ್ಲ, ನೋವಿನ ಜಾಗವನ್ನಂತೂ ನಂಬಿ. ಎಲ್ಲ ಟಿಪ್ಪಣಿಗಳಿಗೂ ತಲೆಬಾಗಿ ಬರೆದ ಎರಡನೆಯ ಕರಡು ಮೂವರ ಬರಹವಾಗಿ, ಯಾರದೂ ಆಗದೆ ಹೋಗುತ್ತದೆ.

ಬರೆಯಲು ಕೂರುವ ಮೊದಲು ಹಳೆಯ ಕರಡಿನ ಪ್ರತಿ ಪ್ಯಾರಾಗ್ರಾಫಿನ ಪಕ್ಕ ಅದು ಹೇಳುವುದನ್ನು ಐದಾರು ಪದದಲ್ಲಿ ಬರೆಯಿರಿ. ಆ ಪಟ್ಟಿಯನ್ನಷ್ಟೇ ಮೇಲಿಂದ ಕೆಳಗೆ ಓದಿ. ಎರಡು ಪ್ಯಾರಾಗ್ರಾಫ್ ಒಂದೇ ಮಾತು ಹೇಳುತ್ತಿದ್ದರೆ ಒಂದನ್ನು ತೆಗೆಯಿರಿ. ಪಕ್ಕದಲ್ಲಿ ಬರೆಯಲು ಏನೂ ತೋಚದ ಪ್ಯಾರಾಗ್ರಾಫ್ ಇದ್ದರೆ, ಅದು ಕವಿಪರಿಚಯವೇ ಇರಬೇಕು.

ಆಮೇಲೆ ಹೊಸ ಹಾಳೆಯಲ್ಲಿ ಬರೆಯಿರಿ. ಹಳೆಯದಕ್ಕೇ ತೇಪೆ ಹಾಕಿದರೆ ಹೊಲಿಗೆ ಕಾಣುತ್ತದೆ. ಮೇಲಿನ ಪ್ಯಾರಾಗ್ರಾಫ್ ಗುಂಪಿನ ಓದಿನ ನಂತರ ಹೀಗೆ ಬರಬಹುದು:

"'ಅಯ್ಯಾ' ಎಂಬ ಕರೆ ವಚನದಲ್ಲಿ ಮೂರು ಸಲ ಬರುತ್ತದೆ. 'ಬಡವನಯ್ಯಾ' ಎಂಬಲ್ಲಿ ಅದು 'ನಾನೇನ ಮಾಡಲಿ' ಎಂಬ ಪ್ರಶ್ನೆಯ ಬೆನ್ನಿಗೆ ಬಂದು ಮೊರೆಯಾಗುತ್ತದೆ. 'ಹೊನ್ನ ಕಳಸವಯ್ಯಾ' ಎಂಬಲ್ಲಿ ಪ್ರಶ್ನೆ ಇಲ್ಲ, ಗುಡಿ ಎದ್ದು ಕಳಸವೂ ಏರಿತು ಎಂಬ ಸುದ್ದಿ ಇದೆ. 'ಕೇಳಯ್ಯಾ' ಎಂಬಲ್ಲಿ ಪ್ರಶ್ನೆ ಕೇಳುತ್ತಿದ್ದವನೇ ಈಗ ಕೇಳಿಸಿಕೋ ಎನ್ನುತ್ತಿದ್ದಾನೆ. ದೇವರ ಹೆಸರು ಮೊದಲ ಬಾರಿಗೆ ಬರುವುದೂ ಇಲ್ಲೇ. ಬಡವನಿಗೆ ತಾನು ಯಾರೊಡನೆ ಮಾತಾಡುತ್ತಿದ್ದೇನೆಂದು ಹೆಸರು ಹಿಡಿದು ಕರೆಯುವ ಶಕ್ತಿ ಕಳಸ ಇಟ್ಟಾದ ಮೇಲೆ ಬಂದಿದೆ."

ಧೈರ್ಯ, ಅಸಹಾಯಕ, ಮಾರ್ಮಿಕ ಮೂರೂ ಪದ ಹೋಗಿವೆ. ಅವುಗಳ ಜಾಗಕ್ಕೆ ವಚನದ್ದೇ ಪದಗಳು ಬಂದಿವೆ.

ಬೇರೆ ವಿಮರ್ಶಕರನ್ನು ಓದಲು ಈಗ ಸಮಯ, ಇದಕ್ಕಿಂತ ಮೊದಲಲ್ಲ. ಈ ವಚನದ ಬಗ್ಗೆ ಕವಿ, ಅನುವಾದಕ ಎ. ಕೆ. ರಾಮಾನುಜನ್ 1973ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ವಚನಾನುವಾದ 'ಸ್ಪೀಕಿಂಗ್ ಆಫ್ ಶಿವ' ಪುಸ್ತಕದ ಪ್ರಸ್ತಾವನೆಯಲ್ಲಿ ವಿವರವಾಗಿ ಬರೆದಿದ್ದಾರೆ. ಗುಡಿಯನ್ನು ಮಾಡುವುದು ಬೇರೆ, ಗುಡಿಯೇ ಆಗಿರುವುದು ಬೇರೆ ಎಂಬ ಅವರ ವಿವೇಚನೆ ಎಷ್ಟು ಬಲವಾಗಿದೆಯೆಂದರೆ, ಮೊದಲೇ ಓದಿದವರಿಗೆ ವಚನದಲ್ಲಿ ಮತ್ತೇನೂ ಕಾಣದೆ ಹೋಗಬಹುದು. ನಿಮ್ಮ ವಾದ ಕಾಲೂರಿದ ಮೇಲೆ ಓದಿದರೆ ಅವರೊಂದಿಗೆ ಮಾತಾಡಬಹುದು. ಅವರ ಮಾತು ಬಳಸಿದರೆ ಹೆಸರು, ಪುಸ್ತಕ, ಪುಟ ಬರೆಯಿರಿ. ನಿಮ್ಮ ಮಾತಿನಲ್ಲಿ ತಿರುಗಿಸಿ ಬರೆದರೂ ವಿಚಾರ ಅವರದೇ. ಗುಂಪಿನ ಗೆಳತಿ ಕೊಟ್ಟ ಒಳನೋಟವನ್ನು ಬಳಸಿದರೆ ಕೊನೆಯಲ್ಲಿ ಒಂದು ಸಾಲಿನಲ್ಲಿ ನೆನೆಯಿರಿ.

## ಹಂತ 7: ಭಾಷೆಯನ್ನು ತೊಳೆಯುವುದು (10ನೇ ದಿನ)

ಈಗ ಕಾಗುಣಿತ. ನಿಮ್ಮ ಊರಿನ ಮಾತಿನಲ್ಲಿ ಯಾವ ಅಕ್ಷರ ಬೆರೆಯುತ್ತದೆಂದು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಅಕಾರ–ಹಕಾರ ಬೆರೆಯುವವರು 'ಹಾಗೂ–ಆಗೂ', 'ಹೊರತು–ಒರತು', 'ಅದು–ಹದು'ಗಳನ್ನು ಹುಡುಕಿ. ಉಳಿದವರಿಗೆ ಲ–ಳ, ಶ–ಷ, ಅಲ್ಪಪ್ರಾಣ–ಮಹಾಪ್ರಾಣ. ಕೊನೆಯ ವಾಕ್ಯದಿಂದ ಮೊದಲ ವಾಕ್ಯದ ಕಡೆಗೆ ಓದಿ, ಅರ್ಥದ ಸೆಳೆತ ತಪ್ಪಿ ಅಕ್ಷರ ಕಾಣುತ್ತದೆ.

ಆಮೇಲೆ ಹೊಟ್ಟು ತೂರಿ. "ಎಂದು ಹೇಳಬಹುದಾಗಿದೆ", "ಎಂಬುದಾಗಿ ತಿಳಿದುಬರುತ್ತದೆ", "ಮನೋಜ್ಞವಾಗಿ ಮೂಡಿಬಂದಿದೆ" ಇವನ್ನು ತೆಗೆದು ನೋಡಿ, ವಾಕ್ಯಕ್ಕೆ ಏನೂ ಆಗುವುದಿಲ್ಲ. "ಬಸವಣ್ಣನವರಿಂದ ಹೇಳಲ್ಪಟ್ಟಿದೆ" ಎಂಬುದನ್ನು "ಬಸವಣ್ಣ ಹೇಳುತ್ತಾರೆ" ಮಾಡಿ. "ವಚನಕಾರರಾಗಿದ್ದಾರೆ" ಬದಲು "ವಚನಕಾರರು" ಸಾಕು. 'ಆದ್ದರಿಂದ', 'ಹೀಗಾಗಿ' ಬಂದ ಕಡೆಯೆಲ್ಲ ಹಿಂದಿನ ವಾಕ್ಯ ನಿಜಕ್ಕೂ ಕಾರಣವೇ ಎಂದು ನೋಡಿ, ಇಲ್ಲದಿದ್ದರೆ ಕಿತ್ತುಹಾಕಿ. 25 ಪದ ಮೀರಿದ ವಾಕ್ಯದಲ್ಲಿ ಕರ್ತೃ ಏಕವಚನವಾಗಿ ಹೊರಟು ಕ್ರಿಯಾಪದ ಬಹುವಚನವಾಗಿ ಮುಗಿದಿರುವುದು ಮಾಮೂಲು. ಅಂಥದ್ದನ್ನು ಎರಡಾಗಿ ಒಡೆಯಿರಿ.

ವಚನದಿಂದ ಎತ್ತಿದ ಪ್ರತಿ ಪದವನ್ನೂ ಮೂಲದ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ನೆನಪಿನಿಂದ ಬರೆದ ಉದ್ಧರಣೆ ತಪ್ಪಾಗಿದ್ದರೆ ಅದರ ಮೇಲಿನ ವಾದವೂ ಹೋಗುತ್ತದೆ.

## ಕತೆ ಅಥವಾ ಕಾದಂಬರಿ ಆದರೆ

ಕ್ರಮ ಅದೇ, ಎಡವುವ ಜಾಗ ಬೇರೆ. ಕತೆಯನ್ನು ಹೇಳುತ್ತಿರುವುದು ಯಾರು, ಅವರಿಗೆ ಗೊತ್ತಿರಲಾರದ ಸಂಗತಿ ಯಾವುದು, ಎಷ್ಟು ವರ್ಷ ಒಂದು ವಾಕ್ಯದಲ್ಲಿ ಹಾರಿಹೋಯಿತು, ಯಾವ ಐದು ನಿಮಿಷಕ್ಕೆ ಮೂರು ಪುಟ ಸಿಕ್ಕಿತು, ಇವನ್ನು ಗುರುತಿಸಿ. ಕಾದಂಬರಿಯನ್ನು ಪೂರ್ತಿ ಓದಿ, ಆದರೆ ಪ್ರಬಂಧಕ್ಕೆ ಎರಡು ಸನ್ನಿವೇಶಗಳನ್ನು ಮಾತ್ರ ಆರಿಸಿ, ಒಟ್ಟು ಹತ್ತು ಪುಟ ಮೀರದಂತೆ. ಇಡೀ ಕಾದಂಬರಿಯ ಬಗ್ಗೆ 800 ಪದ ಬರೆಯಲು ಹೊರಟರೆ ಕಥಾಸಾರವೇ 600 ಪದ ತಿನ್ನುತ್ತದೆ.

ಸಲ್ಲಿಸುವ ಹಾಳೆಗಳ ಹಿಂದೆ ಮೊದಲ ಕರಡನ್ನೂ ಗೆಳೆಯರ ಟಿಪ್ಪಣಿಗಳಿದ್ದ ಪ್ರತಿಯನ್ನೂ ಜೆರಾಕ್ಸ್ ಮಾಡಿ ಪಿನ್ ಮಾಡಿ, ಮೂಲಪ್ರತಿಗಳು ನಿಮ್ಮ ಬಳಿ ಇರಲಿ. ಮುಂದಿನ ಅಸೈನ್‌ಮೆಂಟಿಗೆ ಕೂರುವ ದಿನ ಮೊದಲು ತೆಗೆಯಬೇಕಾದದ್ದು ಆ ಅಲೆಗೆರೆಗಳಿದ್ದ ಹಾಳೆಯನ್ನೇ.